ಹಿತವುಂಟು, ರುಚಿಯಿಲ್ಲ



ಕಠೋಪನಿಷತ್ತಿನಲ್ಲಿ ಯಮಧರ್ಮನು ಬಾಲಕ ನಚಿಕೇತನಿಗೆ ಶ್ರೇಯಸ್ಸು ಬೇರೆ, ಪ್ರೇಯಸ್ಸು ಬೇರೆ ಎಂದು ತಿಳಿಸಿ ಹೇಳುತ್ತಾನೆ. ಆ ಮಾತನ್ನು ಆಡುವಾಗ ಅವನ ಮನಸ್ಸಿನಲ್ಲಿ ಆತ್ಮವಿದ್ಯೆಯಿತ್ತೇ ಹೊರತು ಹಾಗಲಕಾಯಿ ಇರಲಿಲ್ಲವೆಂಬುದು ನಿಜ. ಆದರೆ ನನ್ನಂಥ ಸಾಮಾನ್ಯ ಗೃಹಸ್ಥನಿಗೆ ಈ ಭೇದದ ಅನುಭವ ದಿನಕ್ಕೆ ಎರಡು ಹೊತ್ತು, ತಾಟಿನ ಮುಂದೆ ಆಗುತ್ತದೆ. ತಾಟಿನ ಒಂದು ಮಗ್ಗುಲಿಗೆ ಹಿತವಾದದ್ದು ಕುಳಿತಿರುತ್ತದೆ, ಇನ್ನೊಂದು ಮಗ್ಗುಲಿಗೆ ರುಚಿಯಾದದ್ದು. ಮೊದಲನೆಯದನ್ನು ತಿನ್ನಬೇಕೆಂದು ಬುದ್ಧಿ ಹೇಳುತ್ತದೆ, ಡಾಕ್ಟರು ಹೇಳುತ್ತಾರೆ, ಮನೆಯವರೂ ಹೇಳುತ್ತಾರೆ. ಒಲ್ಲೆನೆಂದು ಹೇಳುವವಳು ಒಬ್ಬಳೇ, ನಾಲಿಗೆ. ಆದರೂ ಗೆಲ್ಲುವವಳು ಬಹುಮಟ್ಟಿಗೆ ಅವಳೇ.

ಇಂದು ನಾನು ಮಾತನಾಡಲಿರುವುದು ಈ ಒಲ್ಲದ ನಾಲಿಗೆಯ ಬಗ್ಗೆ. ಅವಳ ಪಕ್ಷದ ವಕೀಲನಾಗಿ ಅಲ್ಲ, ಅವಳ ವಿರುದ್ಧದ ಫಿರ್ಯಾದಿಯಾಗಿಯೂ ಅಲ್ಲ. ಅವಳು ಏಕೆ ಒಲ್ಲೆನೆನ್ನುತ್ತಾಳೆ, ಯಾವಾಗ ಅವಳ ಮಾತನ್ನು ಕೇಳಬೇಕು, ಯಾವಾಗ ಅವಳನ್ನು ಒಲಿಸಿಕೊಳ್ಳಬೇಕು ಎಂಬುದಿಷ್ಟನ್ನು ನಿಮ್ಮೊಡನೆ ವಿಚಾರ ಮಾಡಬೇಕೆಂಬುದು ನನ್ನ ಆಶೆ.

ಹುಬ್ಬಳ್ಳಿ-ಧಾರವಾಡ ಅವಳಿ ನಗರದ ನಾಲಿಗೆ ಸಾಮಾನ್ಯ ನಾಲಿಗೆಯಲ್ಲ. ಉತ್ತರದ ಉನ್ನಾವೋ ಸೀಮೆಯಿಂದ ವಲಸೆ ಬಂದ ಠಾಕೂರ ಮನೆತನದವರು ಧಾರವಾಡದಲ್ಲಿ ಪೇಢೆ ಮಾಡಲು ತೊಡಗಿ, ಅದು ಊರಿನ ಹೆಸರಿನೊಡನೆಯೇ ಕೂಡಿಹೋಯಿತು. ಇಂದು ಅದಕ್ಕೆ ಭೌಗೋಳಿಕ ಗುರುತಿನ ಮುದ್ರೆಯೂ ದೊರೆತಿದೆ. ಲೈನ್ ಬಜಾರಿನಲ್ಲಿ ಪೇಢೆಯ ಪೊಟ್ಟಣಕ್ಕಾಗಿ ನಿಂತ ಜನರ ಸಾಲನ್ನು ಕಂಡವರಿಗೆ ಪ್ರೇಯಸ್ಸು ಎಂದರೆ ಏನೆಂದು ಬೇರೆ ವ್ಯಾಖ್ಯಾನ ಬೇಕಾಗದು. ಅದೇ ಜನರು ಮರುದಿನ ಬೆಳಗಾಗುವ ಮೊದಲು ಉಣಕಲ್ ಕೆರೆಯ ದಂಡೆಗೋ ಕೆಲಗೇರಿ ಕೆರೆಯ ದಂಡೆಗೋ ತಿರುಗಾಡಲಿಕ್ಕೆ ಹೋಗುತ್ತಾರೆ. ದಾರಿಯಲ್ಲಿ ಹಸುರು ಬಣ್ಣದ ಯಾವುದಾದರೊಂದು ರಸವನ್ನು, ಕಣ್ಣು ಮುಚ್ಚಿ, ಒಂದೇ ಗುಟುಕಿಗೆ ಕುಡಿಯುತ್ತಾರೆ. ಪೇಢೆಗೆ ಪ್ರಾಯಶ್ಚಿತ್ತವೆಂದು ಇದನ್ನು ತಿಳಿಯಬಹುದು.

ಪ್ರತಿಯೊಬ್ಬರಿಗೂ ಇಂಥ ಒಂದು ಪದಾರ್ಥ ಇದ್ದೇ ಇರುತ್ತದೆ. ಒಬ್ಬರಿಗೆ ಅದು ಹಾಗಲಕಾಯಿ. ಇನ್ನೊಬ್ಬರಿಗೆ ಮೊಳಕೆ ಬಂದ ಹಸಿ ಕಾಳು. ಮತ್ತೊಬ್ಬರಿಗೆ ಸೋಯಾ ಹಾಲು. ಮಗನ ಒತ್ತಾಯಕ್ಕೆ ಓಟ್ಸಿನ ಗಂಜಿಗೆ ಶರಣು ಹೋದ ನನ್ನ ಮಿತ್ರರೊಬ್ಬರು, ‘ಚುನಾವಣೆಯ ಪೋಸ್ಟರ್ ಹಚ್ಚೂ ಖಳಿ ಹಿಂಗ ಇರತದ ನೋಡ್ರಿ’ ಎಂದರು. ಇವರಾರೂ ಹಟಮಾರಿಗಳಲ್ಲ. ತಿಂದು ನೋಡಿದ್ದಾರೆ, ಒಂದು ಸಲವಲ್ಲ, ಹತ್ತು ಸಲ. ಉಪ್ಪು ಸೇರಿಸಿ, ನಿಂಬೆ ಹಿಂಡಿ, ಜೇನು ಬೆರೆಸಿ ನೋಡಿದ್ದಾರೆ. ಹಿತವೆಂಬುದನ್ನು ಒಪ್ಪುತ್ತಾರೆ. ರುಚಿಯೆಂಬುದನ್ನು ಮಾತ್ರ ಒಪ್ಪಲಾರರು.

ಇಂಥವರನ್ನು ನಾವು ಸಾಮಾನ್ಯವಾಗಿ ಹೀಯಾಳಿಸುತ್ತೇವೆ. ‘ನಾಲಿಗೆ ಚಾಪಲ್ಯ’ ಎಂಬ ಮಾತು ನಮ್ಮಲ್ಲಿ ಸಿದ್ಧವಾಗಿಯೇ ಇದೆ. ಆದರೆ ಎಲ್ಲರ ನಾಲಿಗೆಯೂ ಒಂದೇ ಎಂದು ತಿಳಿದವರು ಮಾತ್ರ ಹೀಗೆ ಹೀಯಾಳಿಸಬಲ್ಲರು. 1931ರಲ್ಲಿ ಅಮೆರಿಕದ ಒಂದು ರಸಾಯನಶಾಲೆಯಲ್ಲಿ ಆರ್ಥರ್ ಫಾಕ್ಸ್ ಎಂಬ ವಿಜ್ಞಾನಿ ಒಂದು ಪುಡಿಯನ್ನು ಪಾತ್ರೆಯಿಂದ ಪಾತ್ರೆಗೆ ಸುರಿಯುತ್ತಿದ್ದ. ಅದರ ಧೂಳು ಹಾರಿ ಬಾಯಿಗೆ ಬಿದ್ದಾಗ ಪಕ್ಕದಲ್ಲಿದ್ದ ಸಹೋದ್ಯೋಗಿ ‘ಏನಿದು ವಿಷದಂಥ ಕಹಿ’ ಎಂದು ಮುಖ ಸಿಂಡರಿಸಿದ. ಪುಡಿಗೆ ಇನ್ನೂ ಸಮೀಪದಲ್ಲಿದ್ದ ಫಾಕ್ಸನಿಗೆ ಮಾತ್ರ ಯಾವ ರುಚಿಯೂ ಹತ್ತಲಿಲ್ಲ. ಇಬ್ಬರೂ ವಾದಿಸಿದರು, ಬಳಿಕ ಬೇರೆಯವರಿಗೂ ತಿನ್ನಿಸಿ ನೋಡಿದರು. ಆ ಪದಾರ್ಥ ಕೆಲವರಿಗೆ ಅತಿ ಕಹಿ, ಕೆಲವರಿಗೆ ಏನೂ ಅಲ್ಲ ಎಂದು ತಿಳಿದುಬಂತು. ಇದು ಹುಟ್ಟಿನಿಂದ ಬರುವ ಗುಣ. ಇದಕ್ಕೆ ಕಾರಣವಾದ ಮುಖ್ಯ ವಂಶವಾಹಿಯನ್ನು 2003ರಲ್ಲಿ ಗುರುತಿಸಿದರು. ಕೋಸು, ನವಿಲುಕೋಸು, ಸಾಸಿವೆ ಸೊಪ್ಪು ಈ ಜಾತಿಯ ಕಾಯಿಪಲ್ಲೆಗಳಲ್ಲಿ ಅಂಥದೇ ಕಹಿಯ ಅಂಶವಿದೆ. ಆದ್ದರಿಂದ ಒಂದೇ ಬೋಗುಣಿಯಿಂದ ಬಡಿಸಿದ ಒಂದೇ ಪಲ್ಯ ಗಂಡನ ತಾಟಿನಲ್ಲಿ ಒಂದಾಗಿ ಹೆಂಡತಿಯ ತಾಟಿನಲ್ಲಿ ಇನ್ನೊಂದಾಗಿರಬಹುದು. ‘ನನಗ ರುಚಿ ಹತ್ತತದ, ನಿನಗ್ಯಾಕ ಹತ್ತಂಗಿಲ್ಲ?’ ಎಂದು ಕೇಳುವವರು ಈ ಮಾತನ್ನು ನೆನಪಿಡಬೇಕು.

ಅಷ್ಟೇ ಅಲ್ಲ. ಕಹಿಯನ್ನು ಒಲ್ಲೆನೆನ್ನುವುದು ನಾಲಿಗೆಯ ಚಾಪಲ್ಯವಲ್ಲ, ಕರ್ತವ್ಯ. ಗಿಡಗಳ ವಿಷ ಬಹುಮಟ್ಟಿಗೆ ಕಹಿಯಾಗಿರುತ್ತದೆ. ಅದನ್ನು ಬಾಗಿಲಲ್ಲೇ ತಡೆಯಲೆಂದು ನಿಸರ್ಗ ನಿಲ್ಲಿಸಿದ ಕಾವಲುಗಾರ ನಮ್ಮ ನಾಲಿಗೆ. ಈ ಕಾವಲುಗಾರನ ಕೂಗನ್ನು ಅಲಕ್ಷಿಸಿದರೆ ಏನಾದೀತೆಂಬುದಕ್ಕೆ ಒಂದು ದಾರುಣ ನಿದರ್ಶನವಿದೆ. 2010ರಲ್ಲಿ ದಿಲ್ಲಿಯಲ್ಲಿ ಒಬ್ಬ ವಿಜ್ಞಾನಿ ಆರೋಗ್ಯಕ್ಕೆ ಒಳ್ಳೆಯದೆಂದು ಸೋರೆಕಾಯಿಯ ರಸ ಕುಡಿದು ತೀರಿಕೊಂಡರು. ಆ ಕಾಯಿ ಕಹಿಯಾಗಿತ್ತು. ಸೌತೆ, ಸೋರೆ, ಹೀರೆ ಈ ಬಳ್ಳಿಗಳ ಕುಲದಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿ ವಿಷವುಂಟು. ಸಾಗುವಳಿಯ ಕಾಯಿಗಳಲ್ಲಿ ಅದು ತೀರ ಅಲ್ಪ, ಆದರೆ ಎಲ್ಲೋ ಒಂದು ಕಾಯಿಯಲ್ಲಿ ಅಪಾಯವಾಗುವಷ್ಟು ಸೇರಿಕೊಳ್ಳುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತಜ್ಞರ ಸಮಿತಿಯನ್ನು ನೇಮಿಸಿ ವಿಚಾರಿಸಿತು. ಅವರು ಕೊಟ್ಟ ಸಲಹೆ ಬಹು ಸರಳ: ರಸ ತೆಗೆಯುವ ಮೊದಲು ಸೋರೆಕಾಯಿಯ ಒಂದು ಸಣ್ಣ ಚೂರನ್ನು ರುಚಿ ನೋಡಿ, ಕಹಿಯಾಗಿದ್ದರೆ ಚೆಲ್ಲಿಬಿಡಿ, ಬೇರೆ ರಸದೊಡನೆ ಬೆರೆಸಬೇಡಿ, ಕುಡಿದ ಮೇಲೆ ವಾಂತಿ, ಹೊಟ್ಟೆನೋವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಬೇರೆ ರಸದೊಡನೆ ಬೆರೆಸಬಾರದೆಂದೇಕೆ? ಹಾಗಲ, ಬೇವು ಬೆರೆತರೆ ಯಾವ ಕಹಿ ಯಾವುದರದೆಂದು ನಾಲಿಗೆಗೆ ತಿಳಿಯದು. ಕೆರೆಯ ದಂಡೆಯಲ್ಲಿ ಕಣ್ಣು ಮುಚ್ಚಿ ಹಸುರು ರಸ ಕುಡಿಯುವ ಮಿತ್ರರಿಗೆ ನನ್ನ ವಿನಂತಿ ಇಷ್ಟೇ: ಕಣ್ಣು ಬೇಕಾದರೆ ಮುಚ್ಚಿಕೊಳ್ಳಿ, ನಾಲಿಗೆಯನ್ನು ಮುಚ್ಚಬೇಡಿ. ‘ಕಹಿಯಾದಷ್ಟೂ ಗುಣ ಹೆಚ್ಚು’ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಅದು ಎಲ್ಲ ಕಾಲಕ್ಕೂ ನಿಜವಲ್ಲ.

ಹಾಗಾದರೆ ನಾಲಿಗೆ ಹೇಳಿದ್ದೇ ವೇದವೋ? ಅದೂ ಅಲ್ಲ. ನಾಲಿಗೆಗೆ ಹುಟ್ಟುಗುಣವಿರುವಂತೆ ಸಂಸ್ಕಾರವೂ ಇದೆ. ಆ ಸಂಸ್ಕಾರ ತೊಟ್ಟಿಲಿಗಿಂತಲೂ ಮೊದಲೇ ಆರಂಭವಾಗುತ್ತದೆ. 2001ರಲ್ಲಿ ಫಿಲಡೆಲ್ಫಿಯಾದ ಸಂಶೋಧಕಿ ಜೂಲಿ ಮೆನ್ನೆಲ್ಲಾ ಮತ್ತು ಸಂಗಡಿಗರು ಒಂದು ಸೊಗಸಾದ ಪ್ರಯೋಗವನ್ನು ಪ್ರಕಟಿಸಿದರು. ಕೆಲವು ತಾಯಂದಿರು ಬಸುರಿಯಾಗಿದ್ದಾಗ, ಕೆಲವರು ಹಾಲೂಡಿಸುವಾಗ ಗಜ್ಜರಿಯ ರಸ ಕುಡಿದರು. ಇನ್ನು ಕೆಲವರು ನೀರನ್ನಷ್ಟೇ ಕುಡಿದರು. ಮುಂದೆ ಮಕ್ಕಳಿಗೆ ಗಜ್ಜರಿಯ ರುಚಿಯ ಉಣಿಸು ತಿನ್ನಿಸಿದಾಗ, ರಸ ಕುಡಿದ ತಾಯಂದಿರ ಮಕ್ಕಳು ಮುಖ ಸಿಂಡರಿಸಿದ್ದು ಕಡಿಮೆ. ಹೊಸ ಪದಾರ್ಥವೊಂದನ್ನು ಎಂಟು-ಹತ್ತು ಸಲ, ಕೆಲವೊಮ್ಮೆ ಹದಿನೈದು ಸಲ, ಒತ್ತಾಯವಿಲ್ಲದೆ ಸ್ವಲ್ಪಸ್ವಲ್ಪವಾಗಿ ಮುಂದಿಟ್ಟರೆ ಮಗು ಅದನ್ನು ಒಪ್ಪಿಕೊಳ್ಳುತ್ತದೆಂದೂ ಬಲ್ಲವರು ಹೇಳುತ್ತಾರೆ. ನಮ್ಮ ತಾಯಂದಿರು ಎರಡು ಸಲಕ್ಕೇ ‘ಇವಂಗ ಸೇರಂಗಿಲ್ಲ’ ಎಂದು ಕೈಬಿಡುತ್ತಾರೆ. ತಂದೆಯಂದಿರು ಮೂರನೆಯ ಸಲಕ್ಕೆ ಕಣ್ಣು ಕೆಂಪಗೆ ಮಾಡುತ್ತಾರೆ. ಎರಡರಿಂದಲೂ ಕೆಲಸ ಕೆಡುತ್ತದೆ.

ನಮ್ಮ ಸೀಮೆಯ ತಾಟನ್ನೇ ನೋಡಿ. ಅಗಸೆ ಎಂದರೆ ಇಂದು ಪಟ್ಟಣಗಳಲ್ಲಿ ಔಷಧದಂತೆ ಚಮಚೆಯಲ್ಲಿ ಅಳೆದು, ನೀರು ಕುಡಿದು ನುಂಗುವ ವಸ್ತು. ನಮ್ಮಲ್ಲಿ ಅದು ಅಗಸಿ ಹಿಂಡಿ. ಹುರಿದು, ಬಳ್ಳೊಳ್ಳಿ ಖಾರ ಕೂಡಿಸಿ ಕುಟ್ಟಿ, ರೊಟ್ಟಿಯ ಮೇಲೆ ಎಣ್ಣೆಯೊಡನೆ ಹಚ್ಚಿಕೊಂಡರೆ ಇನ್ನೊಂದು ರೊಟ್ಟಿ ತಾನಾಗಿ ಇಳಿಯುತ್ತದೆ. ಗುರೆಳ್ಳು ಹಾಗೆಯೇ. ಪುಂಡಿಪಲ್ಯದ ಹುಳಿಗೆ ಹೊರಗಿನವರು ಹಲ್ಲು ಕಿರಿಯುತ್ತಾರೆ. ನಮಗೆ ಅದಿಲ್ಲದೆ ಎಳ್ಳ ಅಮಾವಾಸ್ಯೆಯ ಹೊಲದ ಊಟವಿಲ್ಲ. ಹಸಿ ಮೆಂತೆಯ ತಪ್ಪಲನ್ನೂ ಹಕ್ಕರಕಿಯನ್ನೂ ರೊಟ್ಟಿಯ ಮಗ್ಗುಲಿಗಿಟ್ಟುಕೊಂಡು ಕಚಕಚನೆ ತಿನ್ನುವುದನ್ನು ಕಂಡು ಬೆಂಗಳೂರಿನ ನೆಂಟರು ಬೆರಗಾಗುತ್ತಾರೆ. ಇವೆಲ್ಲ ಆರೋಗ್ಯಕ್ಕೆ ಒಳ್ಳೆಯವೇ. ಆದರೆ ನಮ್ಮಲ್ಲಿ ಯಾರೂ ಆರೋಗ್ಯಕ್ಕೆಂದು ಇವನ್ನು ತಿಂದವರಲ್ಲ.

ಪ್ರತಿಯಾಗಿ, ರಾಗಿಮುದ್ದೆಯ ಮುಂದೆ ನಮ್ಮವರನ್ನು ಕೂಡಿಸಿ ನೋಡಬೇಕು. ರಾಗಿಯಲ್ಲಿ ನೂರು ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಇಷ್ಟು ಇನ್ನಾವ ಮುಖ್ಯ ಧಾನ್ಯದಲ್ಲೂ ಇಲ್ಲ. ಇದನ್ನೆಲ್ಲ ಓದಿಕೊಂಡು ಧಾರವಾಡದ ಮನುಷ್ಯ ಮುದ್ದೆಯ ಮುಂದೆ ಕೂಡುತ್ತಾನೆ, ರೊಟ್ಟಿಯಂತೆ ಅಗಿಯುತ್ತಾನೆ. ಅಗಿದಷ್ಟೂ ಅದು ಬಾಯಿತುಂಬ ಅಂಟಿಕೊಳ್ಳುತ್ತದೆ. ಮುದ್ದೆಯನ್ನು ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗಬೇಕೆಂಬುದನ್ನು ಅವನಿಗೆ ಯಾರೂ ಹೇಳಿರುವುದಿಲ್ಲ. ಧಾನ್ಯವನ್ನು ಕೊಟ್ಟೆವು, ತಿನ್ನುವ ಕ್ರಮವನ್ನು ಕೊಡಲಿಲ್ಲ. ಅರ್ಧ ಆರೋಗ್ಯದ ಆಹಾರಗಳ ದುರ್ದೈವ ಇದೇ ಎಂದು ನನಗೆ ಅನಿಸುತ್ತದೆ.

ಈಗ ಸಿರಿಧಾನ್ಯಗಳ ಮಾತಿಗೆ ಬರೋಣ. ನವಣೆ, ಸಾವೆ, ಹಾರಕ, ಬರಗು, ಊದಲು, ಕೊರಲೆ: ಇವನ್ನು ನಮ್ಮ ಪುಸ್ತಕಗಳಲ್ಲಿ ಬಹುಕಾಲ ತೃಣಧಾನ್ಯಗಳೆಂದು ಕರೆದರು. ತೃಣವೆಂದರೆ ಹುಲ್ಲು, ಕ್ಷುದ್ರವಾದದ್ದು ಎಂಬ ಅರ್ಥವೂ ಅದರ ಬೆನ್ನಿಗಿದೆ. ಇಂದು ಅವು ಸಿರಿಧಾನ್ಯಗಳಾಗಿವೆ. ಭಾರತ ಸರ್ಕಾರ 2018ರಲ್ಲಿ ಇವನ್ನು ಪೌಷ್ಟಿಕ ಧಾನ್ಯಗಳೆಂದು ಗೆಜೆಟ್ಟಿನಲ್ಲಿ ಸಾರಿತು. ಭಾರತದ ಪ್ರಸ್ತಾವದ ಮೇಲೆ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷವಾಗಿ ಆಚರಿಸಿತು. ಕರ್ನಾಟಕ ಸರ್ಕಾರ ‘ರೈತ ಸಿರಿ’ ಯೋಜನೆಯಲ್ಲಿ ಇವನ್ನು ಬೆಳೆಯುವವರಿಗೆ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನವನ್ನು ಗೊತ್ತುಮಾಡಿತು. ನೂರು ಗ್ರಾಂ ನವಣಕ್ಕಿಯಲ್ಲಿ ಸುಮಾರು 12 ಗ್ರಾಂ ಸಸಾರಜನಕವಿದ್ದರೆ ಬಿಳಿ ಅಕ್ಕಿಯಲ್ಲಿ 7ರ ಆಸುಪಾಸು. ನಾರಿನ ಅಂಶದಲ್ಲಂತೂ ಹೋಲಿಕೆಯೇ ಇಲ್ಲ. ಇಷ್ಟೆಲ್ಲ ಸಿರಿ ಕೂಡಿಬಂದ ಮೇಲೂ ಪೇಟೆಯ ಎಷ್ಟೋ ಮನೆಗಳಲ್ಲಿ ನವಣೆಯ ಪೊಟ್ಟಣ ಒಂದು ಸಲ ತೆರೆದು, ಕಪಾಟಿನ ಹಿಂದೆ ಸರಿದು, ಹುಳ ಹಿಡಿದು ಹೋಗುತ್ತದೆ. ಏಕೆ?

ನಮ್ಮ ಸೋದರತ್ತೆಯವರ ಮಾತು ಇಲ್ಲಿ ನೆನಪಾಗುತ್ತದೆ. ಅವರ ತವರು ಕುಂದಗೋಳದ ಕಡೆಯ ಒಂದು ಒಣಬೇಸಾಯದ ಹಳ್ಳಿ. ತೊಂಬತ್ತರ ಹೊಸ್ತಿಲಲ್ಲಿದ್ದ ಅವರಿಗೆ ಮೊಮ್ಮಕ್ಕಳು ಪ್ರೀತಿಯಿಂದ ನವಣಕ್ಕಿಯ ಅನ್ನ ಮಾಡಿ ಬಡಿಸಿದರು. ಅವರು ತಾಟನ್ನು ಮೆಲ್ಲಗೆ ಮುಂದೆ ಸರಿಸಿದರು. ‘ಯಾಕ ಅತ್ಯಾ, ಸಕ್ಕರಿ ಬ್ಯಾನಿಗೆ ಭಾಳ ಚಲೋ ಅಂತಾರ, ಒಂದೆರಡು ತುತ್ತು ತಿನ್ನಬಾರದೇನು?’ ಎಂದು ನಾನು ಕೇಳಿದೆ. ಅವರು ಸಿಟ್ಟಾಗಲಿಲ್ಲ. ‘ತಮ್ಮಾ, ಇದನ್ನ ತಿಂದು ತಿಂದು ಬ್ಯಾಸತ್ತು ಈ ಮನಿಗೆ ಬಂದಾಕಿ ನಾನು. ಬೀಗರು ಬಂದ್ರ ಅವರಿಗೆ ಅಕ್ಕಿ, ನಮಗ ಹೆಣ್ಮಕ್ಕಳಿಗೆ ನವಣಿ. ಅದೂ ನಾವ ಕುಟ್ಟಬೇಕು. ಈಗ ನೀವು ಬೀಗರಿಗೆ ನವಣಿ ಮಾಡಾಕ ಹತ್ತೀರಿ. ಮಾಡ್ರಿ, ಬ್ಯಾಡನ್ನಂಗಿಲ್ಲ. ನನಗಷ್ಟ ಒಂದು ಹಿಡಿ ಅಕ್ಕಿ ಹಾಕ್ರಿ’ ಎಂದರು.

ಆ ದಿನ ನಾಲಿಗೆಯ ಬಗ್ಗೆ ನನಗೆ ಹೊಸದೊಂದು ತಿಳಿವಳಿಕೆ ಬಂತು. ಅವರು ಬೇಡವೆಂದದ್ದು ನವಣೆಯ ರುಚಿಯನ್ನಲ್ಲ. ಆ ಧಾನ್ಯದ ತೊಗಟೆ ಬಿಡಿಸಲು ಒನಕೆ ಹಿಡಿದು ನಿಂತ ಬೆಳಗಿನ ಜಾವಗಳನ್ನು, ಗಂಡಸರಿಗೊಂದು ತಮಗೊಂದು ಎಂಬ ಪಂಕ್ತಿಭೇದವನ್ನು. ನವಣೆ, ಸಾವೆಗಳ ತೊಗಟೆ ಜೋಳದಂತೆ ಒಕ್ಕಣೆಯಲ್ಲಿ ಕಳಚಿ ಬೀಳುವುದಿಲ್ಲ. ಕಾಳಿಗೆ ಬಿಗಿಯಾಗಿ ಕಚ್ಚಿಕೊಂಡಿರುತ್ತದೆ. ಕುಟ್ಟಿ, ಕೇರಿ, ಮತ್ತೆ ಕುಟ್ಟಬೇಕು. ಅಗ್ಗದ ಅಕ್ಕಿ ಪಡಿತರದ ಅಂಗಡಿಗೆ ಬಂದಾಗ, ಮುಂದೆ 2013ರಲ್ಲಿ ಅನ್ನಭಾಗ್ಯದ ಹೆಸರಿನಲ್ಲಿ ಕಿಲೋಗೆ ಒಂದು ರೂಪಾಯಿಗೆ ಅದು ದೊರೆತಾಗ, ಒನಕೆಯನ್ನು ಮೂಲೆಗೆ ಒರಗಿಸಿದ ಹೆಣ್ಣುಮಕ್ಕಳನ್ನು ಯಾರು ತಪ್ಪೆಂದಾರು? ಬಿಡುವು ಕಂಡ ಕೈ ಮರಳಿ ಒನಕೆಯನ್ನು ಹಿಡಿಯಲೆಂದು ಹೇಳುವವರು ಮೊದಲು ತಾವು ನಾಲ್ಕು ದಿನ ಕುಟ್ಟಿ ನೋಡಬೇಕು.

ಧಾನ್ಯಕ್ಕೂ ಕುಲವುಂಟು, ಮಾನವುಂಟು ಎಂಬುದನ್ನು ನಮ್ಮವರು ಬಹಳ ಹಿಂದೆಯೇ ಕಂಡಿದ್ದರು. ಇಂದು ಹಾವೇರಿ ಜಿಲ್ಲೆಗೆ ಸೇರಿರುವ, 1997ರ ತನಕ ನಮ್ಮ ಧಾರವಾಡ ಜಿಲ್ಲೆಯದೇ ಆಗಿದ್ದ ಬಾಡದ ಕನಕದಾಸರು ‘ರಾಮಧಾನ್ಯಚರಿತೆ’ಯಲ್ಲಿ ಅಕ್ಕಿಗೂ ರಾಗಿಗೂ ಜಗಳ ಹಚ್ಚಿದರು. ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅಕ್ಕಿ ಕಂದಿ ಕುಂದುತ್ತದೆ, ರಾಗಿ ಕಸುವಿನಿಂದ ಹೊರಬರುತ್ತದೆ. ರಾಗಿ ಗೆದ್ದಿತು, ಆದರೆ ಪಂಕ್ತಿಯಲ್ಲಿ ಅದರ ಸ್ಥಾನ ಮೇಲೇರಲಿಲ್ಲ. ಕವಿ ಕೊಟ್ಟ ತೀರ್ಪನ್ನು ಸಮಾಜ ಜಾರಿಗೆ ತರಲಿಕ್ಕೆ ನಾಲ್ಕು ನೂರು ವರ್ಷಗಳಿಗೂ ಹೆಚ್ಚು ಕಾಲ ತೆಗೆದುಕೊಂಡಿತು.

ತೀರ್ಪು ಈಗಲಾದರೂ ಜಾರಿಗೆ ಬರುತ್ತಿರುವುದು ಎಲ್ಲಿ ಎಂದು ಕೇಳಿದರೆ ಅದೇ ಕುಂದಗೋಳ ತಾಲೂಕಿನ ತೀರ್ಥ ಎಂಬ ಹಳ್ಳಿಯತ್ತ ಬೆರಳು ಮಾಡಿ ತೋರಿಸಬಹುದು. ಅಲ್ಲಿ ಬೀಬಿ ಫಾತಿಮಾ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಸಿರಿಧಾನ್ಯದ ಬೀಜಗಳನ್ನು ಕೂಡಿಟ್ಟು ರೈತರಿಗೆ ಹಂಚಿದರು. ಬೆಳೆದದ್ದನ್ನು ಸಂಸ್ಕರಿಸುವ ಯಂತ್ರಗಳನ್ನು ತಮ್ಮ ಊರಲ್ಲೇ ಹಾಕಿಕೊಂಡರು. 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಇಕ್ವೇಟರ್ ಪ್ರಶಸ್ತಿ ಅವರಿಗೆ ಬಂತು. ನನಗೆ ಮೆಚ್ಚಿಗೆಯಾದದ್ದು ಪ್ರಶಸ್ತಿಗಿಂತ ಆ ಯಂತ್ರ. ತೊಗಟೆ ತೆಗೆಯುವ ಕಷ್ಟವನ್ನು ಯಂತ್ರಕ್ಕೆ ಒಪ್ಪಿಸಿದ ಮೇಲೆ, ನವಣೆಯ ಅನ್ನ ಯಾರ ಬೆನ್ನುನೋವನ್ನೂ ನೆನಪಿಸದೆ ತಾಟಿಗೆ ಬರಬಲ್ಲದು.

ಇನ್ನು ಅಡುಗೆಮನೆಯ ಕಾರಣಗಳೂ ಇವೆ. ನವಣೆಯನ್ನು ಸೋನಾಮಸೂರಿಯಂತೆ ಕುಕ್ಕರಿಗೆ ಹಾಕಿ, ಮಧ್ಯಾಹ್ನ ಮಾಡಿದ್ದನ್ನು ರಾತ್ರಿ ತಣ್ಣಗೆ ಬಡಿಸಿದರೆ ಉಸುಕಿನಂತೆ ಗಂಟಲಿಗೆ ಸಿಗುತ್ತದೆ. ಮೊದಲು ನೆನೆಯಿಟ್ಟು, ಹೆಚ್ಚು ನೀರಿನಲ್ಲಿ ಮೆತ್ತಗೆ ಬೇಯಿಸಿ, ಬಿಸಿಯಿರುವಾಗಲೇ ಮಜ್ಜಿಗೆಯನ್ನೋ ಸಾರನ್ನೋ ಕೂಡಿಸಿ ಉಣ್ಣಬೇಕು; ಹಿಂದಿನವರು ಬಾನ ಮಾಡುತ್ತಿದ್ದದ್ದು ಹಾಗೆಯೇ. ಸಜ್ಜೆಯ ಕಥೆ ಬೇರೆ. ಅದರಲ್ಲಿ ಎಣ್ಣೆಯ ಅಂಶ ಹೆಚ್ಚು. ಬೀಸಿದ ಮೇಲೆ ಕೆಲವೇ ದಿನಗಳಲ್ಲಿ ಹಿಟ್ಟು ಕಮಟು ವಾಸನೆ ಹಿಡಿದು ಕಹಿಯಾಗುತ್ತದೆ. ಸಂಕ್ರಾಂತಿಯ ಹೊತ್ತಿಗೆ ಗಿರಣಿಯಿಂದ ಆಗತಾನೆ ತಂದ ಹಿಟ್ಟಿನಲ್ಲಿ ಎಳ್ಳು ಹಚ್ಚಿ ಬಡಿದ ಸಜ್ಜಿರೊಟ್ಟಿಯನ್ನು ತಿಂದವರು, ತಿಂಗಳುಗಟ್ಟಲೆ ಅಂಗಡಿಯಲ್ಲಿ ಕುಳಿತ ಪೊಟ್ಟಣದ ಹಿಟ್ಟಿನ ರೊಟ್ಟಿಯನ್ನು ತಿಂದು ‘ನನಗ ಸಜ್ಜಿ ಸೇರಂಗಿಲ್ಲ’ ಎನ್ನುವವರನ್ನು ಕಂಡು ಮರುಗುತ್ತಾರೆ. ಸೇರದೆ ಹೋದದ್ದು ಸಜ್ಜೆಯಲ್ಲ, ಹಳಸಿದ ಹಿಟ್ಟು.

ಸೋಯಾ ಅವರೆಯದು ಇನ್ನೊಂದು ವಿಚಿತ್ರ. ಮುಂಗಾರಿನಲ್ಲಿ ಧಾರವಾಡದ ಸುತ್ತ ಒಂದು ಸುತ್ತು ಹಾಕಿದರೆ ಸೋಯಾ ಹೊಲಗಳು ಕಣ್ಣು ತುಂಬುತ್ತವೆ. ಅದರಲ್ಲಿ ನೂರಕ್ಕೆ ನಲವತ್ತರಷ್ಟು ಸಸಾರಜನಕ. ಆದರೆ ಬೆಳೆದವನ ಮನೆಯ ಒಲೆಯ ಮೇಲೆ ಅದು ಏರುವುದಿಲ್ಲ. ಎಣ್ಣೆಯ ಗಿರಣಿಗೆ ಹೋಗುತ್ತದೆ, ಹಿಂಡಿ ಕೋಳಿಗೆ ಹೋಗುತ್ತದೆ. ಕಾಳನ್ನು ನೆನೆಯಿಟ್ಟು ತಣ್ಣೀರಿನಲ್ಲಿ ಅರೆದಾಗ ಅದರೊಳಗಿನ ಒಂದು ಕಿಣ್ವ ಎಣ್ಣೆಯ ಅಂಶದ ಮೇಲೆ ಕೆಲಸಮಾಡಿ ಹಸಿಹಸಿ ವಾಸನೆಯನ್ನು ಹುಟ್ಟಿಸುತ್ತದೆ. ಕುದಿಯುವ ನೀರಿನಲ್ಲಿಯೇ ಅರೆದರೆ ಕಿಣ್ವ ಸಾಯುತ್ತದೆ, ವಾಸನೆ ಬಹಳ ಇಳಿಯುತ್ತದೆ. ಈ ಒಂದು ಸಣ್ಣ ಸಂಗತಿ ತಿಳಿಯದೆ ಎಷ್ಟು ಮನೆಗಳಲ್ಲಿ ಸೋಯಾ ಹಾಲು ಮೋರಿಯ ಪಾಲಾಗಿದೆಯೋ! ಚೀನ, ಜಪಾನಿನವರು ಅದನ್ನು ಹುದುಗಿಸಿ, ಹೆಪ್ಪುಗಟ್ಟಿಸಿ, ಅನೇಕ ತಲೆಮಾರುಗಳ ಪ್ರಯೋಗದಿಂದ ತಮ್ಮ ರುಚಿಗೆ ಒಗ್ಗಿಸಿಕೊಂಡರು. ನಮಗೆ ಬೆಳೆ ಬಂತು, ಅಡುಗೆ ಬರಲಿಲ್ಲ.

ಇದಿಷ್ಟೂ ನಾಲಿಗೆಯನ್ನು ಒಲಿಸಿಕೊಳ್ಳುವ ಮಾತಾಯಿತು. ಆದರೆ ಎಷ್ಟು ಒಲಿಸಿದರೂ ಒಲಿಯದ ಪದಾರ್ಥಗಳೂ ಉಳಿಯುತ್ತವೆ. ಅವುಗಳ ಮುಂದೆ ನಮ್ಮ ನಡತೆ ಹೇಗಿರಬೇಕು?

ನಮ್ಮ ಓಣಿಯಲ್ಲಿ ನಿವೃತ್ತರಾದ ಒಬ್ಬ ಮಾಸ್ತರರಿದ್ದಾರೆ. ಅವರಿಗೆ ಸಕ್ಕರೆ ರೋಗವೆಂದು ತಿಳಿದ ದಿನದಿಂದ ಮನೆಯವರು ಮುಂಜಾನೆ ಹಾಗಲದ ರಸ, ನಡುಹೊತ್ತಿಗೆ ಹಾರಕದ ಅನ್ನ, ರಾತ್ರಿ ಓಟ್ಸು ಎಂದು ಗೊತ್ತುಮಾಡಿದರು. ಎಲ್ಲವೂ ಪ್ರೀತಿಯಿಂದಲೇ. ಮೂರು ತಿಂಗಳಲ್ಲಿ ಮಾಸ್ತರರು ಇಳಿದುಹೋದರು. ರೋಗದಿಂದಲ್ಲ, ಊಟ ಬಿಟ್ಟದ್ದರಿಂದ. ಒಂದು ದಿನ ಅವರ ಮನೆಗೆ ಹೋದಾಗ ಒಳಗಿನಿಂದ ‘ಊಟಕ್ಕ ಬರ್ರಿ’ ಎಂಬ ಕರೆ ಬಂತು. ಮಾಸ್ತರರು ಕುರ್ಚಿಯಿಂದ ಏಳಲಿಲ್ಲ. ‘ಊಟಕ್ಕ ಕರಿಯೂದು ಬಿಟ್ಟು ವರ್ಷ ಆತ್ರಿ, ಔಷಧಕ್ಕ ಕರೀತಾರ’ ಎಂದರು ನನ್ನ ಕಡೆಗೆ ತಿರುಗಿ. ನಗೆಯಾಡುವಂತೆಯೇ ಹೇಳಿದರು, ಆದರೆ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ನಗಲಿಲ್ಲ. ನಲವತ್ತು ವರ್ಷ ರುಚಿರುಚಿಯಾಗಿ ಮಾಡಿ ಹಾಕಿದ ಆ ತಾಯಿಗೆ ಗಂಡನ ತಾಟಿನಲ್ಲಿ ದಿನವೂ ಅರ್ಧ ಊಟ ಉಳಿಯುವುದನ್ನು ನೋಡುವುದಕ್ಕಿಂತ ದೊಡ್ಡ ಸಂಕಟ ಯಾವುದು?

ಮುಂದೆ ಅವರನ್ನು ನೋಡಿದ ಡಾಕ್ಟರು ತಿಳಿದವರು. ಸಿರಿಧಾನ್ಯವೆಂದರೆ ಸಕ್ಕರೆಯಿಲ್ಲದ ಧಾನ್ಯವಲ್ಲ. ಅದರಲ್ಲಿಯೂ ಮೂರರಲ್ಲಿ ಎರಡು ಪಾಲು ಪಿಷ್ಟವೇ, ಎಷ್ಟು ತಿನ್ನುತ್ತೀರೆಂಬುದು ಮುಖ್ಯ ಎಂದರು. ‘ನಿಮ್ಮ ಮನಿಯಾಗ ಮೊದಲಿಂದ ಏನು ಉಣ್ತಿದ್ರಿ?’ ಎಂದು ಕೇಳಿದರು. ಜೋಳದ ರೊಟ್ಟಿ, ಕಾಳಿನ ಪಲ್ಯ, ತಪ್ಪಲು, ಮಜ್ಜಿಗೆ. ‘ಅದನ್ನ ಉಣ್ರಿ. ರೊಟ್ಟಿ ಲೆಕ್ಕ ಇಡ್ರಿ, ಪಲ್ಯದ ಲೆಕ್ಕ ಬಿಡ್ರಿ, ಮಾತ್ರಿ ತಪ್ಪಿಸಬ್ಯಾಡ್ರಿ’ ಎಂದರು. ಈಗ ಮಾಸ್ತರರು ಕರೆಯುವ ಮೊದಲೇ ತಾಟಿನ ಮುಂದೆ ಇರುತ್ತಾರೆಂದು ಕೇಳಿದ್ದೇನೆ. ಎಲ್ಲರ ರೋಗವೂ ಒಂದೇ ಅಲ್ಲ, ಎಲ್ಲರ ಪಥ್ಯವೂ ಒಂದೇ ಅಲ್ಲ; ಅದನ್ನು ಅವರವರ ವೈದ್ಯರು ಹೇಳಬೇಕು. ಆದರೆ ಪಥ್ಯವನ್ನು ಹುಡುಕುವಾಗ ದೂರದ ಅಂಗಡಿಗೆ ಹೋಗುವ ಮೊದಲು ನಮ್ಮ ಅಡುಗೆಮನೆಯ ನೆಲುವಿನ ಕಡೆಗೊಮ್ಮೆ ನೋಡಬಾರದೇ?

ಚರಕಸಂಹಿತೆಯಲ್ಲಿ ಆರು ರಸಗಳ ಗುಣಗಳನ್ನು ಹೇಳುವಾಗ ಕಹಿಯ ಬಗ್ಗೆ ಒಂದು ಮಾರ್ಮಿಕವಾದ ಮಾತು ಬರುತ್ತದೆ. ಕಹಿ ತಾನು ರುಚಿಸುವುದಿಲ್ಲ, ಆದರೆ ಅರುಚಿಯನ್ನು ಕಳೆಯುತ್ತದೆ ಎಂಬುದು ಅದರ ತಾತ್ಪರ್ಯ. ಹಳಬರು ಕಹಿಯನ್ನು ರುಚಿಯೆಂದು ನಂಬಿಸಲು ಹೋಗಲಿಲ್ಲ ಎಂಬುದನ್ನು ಗಮನಿಸಬೇಕು. ಅದು ರುಚಿಸುವುದಿಲ್ಲವೆಂದು ಮೊದಲು ಒಪ್ಪಿಕೊಂಡರು, ಆಮೇಲೆ ಅದಕ್ಕೊಂದು ಅಳತೆಯನ್ನೂ ಸ್ಥಳವನ್ನೂ ಕೊಟ್ಟರು. ನಮ್ಮ ಯುಗಾದಿಯ ಬೇವು ಅಂಥದೊಂದು ಏರ್ಪಾಡು. ಹಳೆಯ ಮೈಸೂರಿನ ಕಡೆ ಬೇವಿನ ಎಲೆ, ಬೆಲ್ಲವನ್ನು ಅಂಗೈಯಲ್ಲಿಟ್ಟು ಕೊಡುತ್ತಾರೆ. ನಮ್ಮಲ್ಲಿ ಬೇವೆಂದರೆ ಕುಡಿಯುವ ಪಾನಕ: ಬೆಲ್ಲದ ನೀರು, ಹುಣಸೆ, ಮಾವಿನಕಾಯಿ, ಪುಠಾಣಿಯ ಹಿಟ್ಟು, ಖಸಖಸೆ, ದ್ರಾಕ್ಷಿ, ಗೋಡಂಬಿ, ಮೇಲೆ ಒಂದು ಚಿಟಿಕೆ ಬೇವಿನ ಹೂವು. ಇಷ್ಟೆಲ್ಲ ಸೇರಿದರೂ ಆ ಒಂದು ಚಿಟಿಕೆ ಎಲ್ಲೋ ಗಂಟಲಿನ ಹಿಂದೆ ತನ್ನ ಇರವನ್ನು ತೋರಿಸಿಯೇ ತೋರಿಸುತ್ತದೆ. ಮಕ್ಕಳು ಎರಡನೆಯ ಲೋಟಕ್ಕೆ ಕೈಯೊಡ್ಡುತ್ತಾರೆ, ಕಹಿಯಿದೆಯೆಂದು ಗೊತ್ತಿದ್ದೂ.

ಆದ್ದರಿಂದ ನನ್ನ ವಿನಂತಿ ಎರಡೇ. ಮನೆಯಲ್ಲಿ ಯಾರಾದರೂ ಹಿತವಾದ ಪದಾರ್ಥವನ್ನು ಪ್ರಾಮಾಣಿಕವಾಗಿ ತಿಂದು ನೋಡಿ, ‘ಇದು ನನ್ನಿಂದಾಗದು’ ಎಂದರೆ ಅವರ ಮಾತನ್ನು ನಂಬೋಣ. ಅದರ ಬದಲು ಅವರಿಗೆ ಸೇರುವ ಇನ್ನೊಂದು ಹಿತವಾದದ್ದನ್ನು ಹುಡುಕೋಣ. ನಮ್ಮ ಸೀಮೆಯ ತಪ್ಪಲಿನ ಸಂತೆಯಲ್ಲಿ ಅದಕ್ಕೇನೂ ಕೊರತೆಯಿಲ್ಲ. ಎರಡನೆಯದು, ತೀರ ಅವಶ್ಯವಾದ ಕಹಿಯೊಂದು ಇದ್ದರೆ ಅದನ್ನು ಚಮಚೆಯಲ್ಲಿ ಅಳೆದು ಔಷಧವೆ೦ದೇ ಕೊಡೋಣ, ತಾಟು ತುಂಬ ಬಡಿಸಿ ಊಟವೆಂದು ಕರೆಯುವುದು ಬೇಡ. ತಾಟಿಗೆ ಕೂತ ಮನುಷ್ಯ ಸಂತೋಷದಿಂದ ಕೈ ತೊಳೆದು ಏಳುವುದೂ ಆರೋಗ್ಯದ ಒಂದು ಭಾಗವೇ.

ಹೊತ್ತು ಊಟದ ಸಮಯಕ್ಕೆ ಬಂದಿದೆ. ನಿಮ್ಮ ರೊಟ್ಟಿ ಆರುವುದು ಬೇಡ.